ಹೆಲ್ಮೆಟ್ಟಿನ ಗ್ಲಾಸು ಗಾಜಲ್ಲ: ಬಿದ್ದ ಮೇಲೆ ತಿಳಿದದ್ದು

ಎಡಗೈ ಮಣಿಕಟ್ಟಿನ ಪಟ್ಟಿ ಬಿಚ್ಚಿ ಎರಡು ತಿಂಗಳಾಯಿತು. ಬೈಕ್ ಮತ್ತೆ ಓಡಿಸುತ್ತಿದ್ದೇನೆ. ಆದರೆ ಕ್ಲಚ್ ಎಳೆದಾಗಲೆಲ್ಲ ಮಣಿಕಟ್ಟು ಒಮ್ಮೆ ಚುಳ್ ಅನ್ನುತ್ತದೆ. ಮಳೆಯಲ್ಲಿ, ಥಂಡಿಯಲ್ಲಿ ಬೈಕ್ ಓಡಿಸುವವರು ದಯವಿಟ್ಟು ಇದನ್ನು ಓದಿ. ನಾನೇನು ಜೋರಾಗಿ ಹೋಗುತ್ತಿರಲಿಲ್ಲ, ಆಟವಾಡುತ್ತಲೂ ಇರಲಿಲ್ಲ. ಹೆಲ್ಮೆಟ್ಟಿನ ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಮುಚ್ಚಳ, ಚೊಕ್ಕವಾಗಿರಲಿ ಅಂತ ವಿಶೇಷ ಕಾಳಜಿ ಮಾಡಿದ್ದೆ. ಬಿದ್ದದ್ದು ಆ ಕಾಳಜಿಯಿಂದಲೇ.

ವೈಸರನ್ನು ನಾವೆಲ್ಲ ಗ್ಲಾಸು ಅಂತಲೇ ಕರೆಯುತ್ತೇವೆ. ಗ್ಲಾಸ್ ಹಾಕ್ಕೋ, ಗ್ಲಾಸ್ ಎತ್ತು, ಗ್ಲಾಸ್ ಒರೆಸು. ಹಾಗೆ ಕರೆದೂ ಕರೆದೂ ಅದು ಗಾಜೇ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಅದು ಗಾಜಲ್ಲ. ಸಾಮಾನ್ಯವಾಗಿ ಅದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಕಲ್ಲು ಬಂದು ಬಡಿದರೂ ಬೇಗ ಒಡೆಯದಷ್ಟು ಗಟ್ಟಿ, ಆದರೆ ಗೀರು ಬೀಳುವುದರಲ್ಲಿ, ಕೆಲವು ದ್ರವಗಳು ತಾಗಿದಾಗ ಕೆಡುವುದರಲ್ಲಿ ಬಹಳ ಮೆತ್ತಗೆ. ಇಷ್ಟು ಗೊತ್ತಿದ್ದಿದ್ದರೆ ಸಾಕಿತ್ತು.

ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ವೈಸರ್ ಹೊರಗೆ ಹನಿ, ಒಳಗೆ ಮಬ್ಬು. ಕಾರಿನ ಮುಂದಿನ ಗಾಜಿಗೆ ಹಚ್ಚುವ ಒಂದು ದ್ರವ ಮನೆಯಲ್ಲಿತ್ತು. ಅದನ್ನು ಹಚ್ಚಿದರೆ ನೀರು ನಿಲ್ಲದೆ ಮಣಿಮಣಿಯಾಗಿ ಉರುಳಿ ಹೋಗುತ್ತದೆ. ಕಾರಿಗೆ ಆಗುವುದು ಹೆಲ್ಮೆಟ್ಟಿಗೆ ಯಾಕಾಗಬಾರದು ಅಂತ ಹೊರಗೆ ಹಚ್ಚಿದೆ. ಬಾಟಲಿಯಲ್ಲಿ ಇನ್ನೂ ಇತ್ತಲ್ಲ, ಇರಲಿ ಅಂತ ಒಳಗೂ ಹಚ್ಚಿದೆ. ಮೊದಲ ದಿನ ಹೊರಗಿನ ಹನಿಗಳು ಓಡುವುದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಸಂಜೆ ಮತ್ತೊಂದು ಸಲ ತಿಕ್ಕಿದೆ.

ಇದರ ಜೊತೆಗೆ ಇನ್ನೊಂದು ಜಾಣತನ. ಗಾಳಿಕಿಂಡಿಗಳಿಂದ ನೀರು ಒಳಗೆ ಬರುತ್ತಿದೆ ಅಂತ ಗದ್ದದ ಹತ್ತಿರದ್ದು, ಹಣೆಯ ಮೇಲಿನದು, ಎರಡನ್ನೂ ಮುಚ್ಚಿದೆ. ಗದ್ದದ ಕೆಳಗೆ ಸಿಕ್ಕಿಸುವ ಬಟ್ಟೆಯ ಪರದೆಯನ್ನೂ ಹಾಕಿಕೊಂಡೆ. ಕುತ್ತಿಗೆಗೆ ಮಫ್ಲರ್. ಒಳಗೆ ಬೆಚ್ಚಗಿತ್ತು, ಇಲ್ಲ ಅನ್ನುವುದಿಲ್ಲ.

ಎರಡನೇ ದಿನ ಸಂಜೆ ಕತ್ತಲಾಗುವ ಹೊತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಕೆಳಗಿನಿಂದ ಮಬ್ಬು ಏರತೊಡಗಿತು. ಮೊದಲು ಬಾಯಿಯ ಮುಂದೆ, ಆಮೇಲೆ ಮೂಗಿನ ಎರಡೂ ಪಕ್ಕ, ನಾಲ್ಕು ಉಸಿರಿಗೆ ಕಣ್ಣಿನವರೆಗೆ. ಗ್ಲೌಸ್ ಹಾಕಿದ ಬೆರಳನ್ನು ಸಂದಿಯಲ್ಲಿ ತೂರಿಸಿ ಒರೆಸಿದೆ. ಬೆರಳು ಹೋದಲ್ಲಿ ಒಂದು ಅಡ್ಡ ಪಟ್ಟೆ ಬಿತ್ತು, ಅದರ ತುಂಬ ಎಣ್ಣೆ ಚೆಲ್ಲಿದಂಥ ಬಣ್ಣಬಣ್ಣದ ಗೆರೆಗಳು. ಹಸಿರು ಬಂತು. ಹೊರಟರೆ ಗಾಳಿಗೆ ತಾನಾಗಿ ಹೋಗುತ್ತೆ ಅಂತ ಹೊರಟೆ. ಇದನ್ನು ನಾವೆಲ್ಲ ಮಾಡುತ್ತೇವೆ, ಅಲ್ವಾ?

ಹೋಗಲಿಲ್ಲ. ಗಾಳಿ ಬರುವ ಕಿಂಡಿಯನ್ನೆಲ್ಲ ನಾನೇ ಮುಚ್ಚಿದ್ದೆನಲ್ಲ, ಹೇಗೆ ಹೋಗಬೇಕು? ಮುಂದೆ ಇಳಿಜಾರು, ಅದು ಮುಗಿಯುವಲ್ಲಿ ಎಡಕ್ಕೆ ತಿರುವು. ತಿರುವಿನ ಹತ್ತಿರ ಎದುರಿನಿಂದ ಒಂದು ಗಾಡಿ ಬಂತು. ಅದರ ಹೆಡ್‌ಲೈಟ್ ನನ್ನ ವೈಸರ್ ಮೇಲೆ ಬಿದ್ದ ಕೂಡಲೇ ಎದುರಿಗೆ ರಸ್ತೆಯೇ ಇಲ್ಲ. ಕತ್ತಲಲ್ಲ, ಬೆಳಕು. ಹಾಲಿನ ಪಾತ್ರೆಯೊಳಗೆ ಮುಖ ಇಟ್ಟ ಹಾಗೆ, ಎಲ್ಲಿ ನೋಡಿದರೂ ಬಿಳಿ. ವೈಸರ್ ಎತ್ತಲು ಎಡಗೈ ಹ್ಯಾಂಡಲ್ ಬಿಟ್ಟಿತು. ನನ್ನ ಹೆಲ್ಮೆಟ್ಟಿನ ಗದ್ದದ ಮಧ್ಯೆ ಒಂದು ಚಿಕ್ಕ ಗುಂಡಿ ಇದೆ, ಒತ್ತಿದರೆ ಮಾತ್ರ ವೈಸರ್ ಬಿಡುತ್ತದೆ. ಒದ್ದೆ ಗ್ಲೌಸಿನ ದಪ್ಪ ತುದಿಗೆ ಆ ಗುಂಡಿ ಸಿಗಲಿಲ್ಲ. ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು.

ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ನಾನು ಗುಂಡಿ ಹುಡುಕಿದ್ದು ಮೂರು ಸೆಕೆಂಡ್ ಅಂದುಕೊಂಡರೂ, 30 ಮೀಟರಿಗಿಂತ ಜಾಸ್ತಿ ದೂರವನ್ನು ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗಾಯಿತು. ಅಷ್ಟರಲ್ಲಿ ಮುಂದಿನ ಚಕ್ರ ರಸ್ತೆಯಂಚಿನ ಸಡಿಲ ಜಲ್ಲಿಗೆ ಇಳಿದಿತ್ತು. ಬ್ರೇಕ್ ಹಿಡಿದೆ, ಚಕ್ರ ಜಾರಿತು, ಎಡಗೈ ಮೊದಲು ನೆಲಕ್ಕೆ ಬಡಿಯಿತು. ಹಿಂದೆ ಗಾಡಿ ಬರುತ್ತಿರಲಿಲ್ಲ. ಅದು ನನ್ನ ಪುಣ್ಯ, ಜಾಣತನ ಅಲ್ಲ.

ಮಾರನೇ ದಿನ ನೋಡಲು ಬಂದ ದೊಡ್ಡಪ್ಪನ ಮಗ ಹೆಲ್ಮೆಟ್ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ. ಅವನು ನನಗಿಂತ ಹತ್ತು ವರ್ಷ ಹೆಚ್ಚು ಬೈಕ್ ಓಡಿಸಿದವನು.

"ಇದಕ್ಕೆ ಏನೋ ಹಚ್ಚಿದ್ದೆ?"

ಬಾಟಲಿ ತೋರಿಸಿದೆ.

"ಇದರ ಮೇಲೆ ಏನು ಬರೆದಿದೆ ಓದಿದ್ಯಾ?"

"ನೀರು ನಿಲ್ಲಲ್ಲ ಅಂತ ಬರೆದಿದೆ ಅಣ್ಣ."

"ಹಿಂದುಗಡೆ ಓದು."

ಹಿಂದುಗಡೆ ಸಣ್ಣ ಅಕ್ಷರದಲ್ಲಿತ್ತು: ಗಾಜಿಗೆ ಮಾತ್ರ, ಪ್ಲಾಸ್ಟಿಕ್ಕಿಗೆ ಬೇಡ. ಅವನು ಬೈಯಲಿಲ್ಲ. ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ಕೂತ. ಬೈದಿದ್ದರೇ ಚೆನ್ನಾಗಿತ್ತು.

ವೈಸರನ್ನು ನಾನೂ ದೀಪಕ್ಕೆ ಓರೆಯಾಗಿ ಹಿಡಿದು ನೋಡಿದೆ. ಎರಡೂ ಬದಿಯಲ್ಲಿ ಅದು ಸಿಕ್ಕಿಕೊಳ್ಳುವ ಜಾಗದ ಸುತ್ತ ಕೂದಲೆಳೆಯಂಥ ಬಿರುಕುಗಳು. ಉಗುರಿಗೆ ಸಿಗುವುದಿಲ್ಲ, ಪ್ಲಾಸ್ಟಿಕ್ಕಿನ ಒಳಗೇ ಇವೆ. ಇಂಥ ದ್ರವಗಳಲ್ಲಿ, ಗಾಜು ಒರೆಸುವ ಸ್ಪ್ರೇಗಳಲ್ಲಿ ಆಲ್ಕೋಹಾಲ್, ಅಮೋನಿಯಾ ಮುಂತಾದವು ಇರುತ್ತವೆ. ವೈಸರ್ ಎಲ್ಲಿ ಬಾಗಿ ಬಿಗಿಯಾಗಿ ಕೂತಿರುತ್ತದೋ ಅಲ್ಲೇ ಅವು ಮೊದಲು ಕೆಲಸ ತೋರಿಸುತ್ತವೆ. ಪೆಟ್ರೋಲ್, ಥಿನ್ನರ್ ಅಂತೂ ಹತ್ತಿರವೂ ಸುಳಿಯಬಾರದು. ಅಂಟಿನ ಕಲೆ ತೆಗೆಯಲು ಪೆಟ್ರೋಲ್ ಹಚ್ಚಿದವರನ್ನು ನಾನು ನೋಡಿದ್ದೇನೆ, ಆಗ ನನಗೂ ಅದು ತಪ್ಪು ಅನ್ನಿಸಿರಲಿಲ್ಲ.

ಈಗ ಒಳಗಿನ ಮಬ್ಬಿನ ವಿಷಯ. ಅದು ಮಳೆ ನೀರಲ್ಲ, ನಮ್ಮದೇ ಉಸಿರು. ಉಸಿರು ಹೊರಗೆ ಬರುವಾಗ ಸುಮಾರು 34 ಡಿಗ್ರಿ ಬೆಚ್ಚಗಿರುತ್ತದೆ, ತುಂಬ ತೇವ ಹೊತ್ತಿರುತ್ತದೆ. ತಣ್ಣಗಿನ ವೈಸರ್ ತಾಗಿದ ಕೂಡಲೇ ಆ ತೇವ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಬೆಳಕನ್ನು ಚೆದುರಿಸುವುದು ಆ ಹನಿಗಳೇ. ಮಬ್ಬು ತಡೆಯುವ ದ್ರವಗಳು ಹನಿಯಾಗಲು ಬಿಡದೆ ನೀರನ್ನು ತೆಳು ಪದರವಾಗಿ ಹರಡುತ್ತವೆ, ಆಗ ಆಚೆಗಿನದು ಕಾಣುತ್ತದೆ. ನಾನು ಒಳಗೆ ಹಚ್ಚಿದ್ದು ಇದಕ್ಕೆ ಪೂರ್ತಿ ಉಲ್ಟಾ. ನೀರನ್ನು ಮಣಿ ಕಟ್ಟಿಸುವ ದ್ರವ! ಮಬ್ಬು ಬೇಡ ಅಂತ ಮಬ್ಬಿಗೆ ಮಣೆ ಹಾಕಿ ಕೂರಿಸಿದ್ದೆ.

ಹೊಸ ವೈಸರ್ ಬಂದ ಮೇಲೆ ನಾನು ಮೊದಲು ಬದಲಿಸಿದ್ದು ಗಾಳಿಕಿಂಡಿಯ ಅಭ್ಯಾಸ. ಗದ್ದದ ಕಿಂಡಿ ಈಗ ಮಳೆಯಲ್ಲೂ ತೆರೆದೇ ಇರುತ್ತದೆ. ನಾಲ್ಕು ಹನಿ ಮುಖಕ್ಕೆ ಬಿದ್ದರೆ ಬೀಳಲಿ. ನಿಲ್ಲುವ ಮೊದಲೇ ವೈಸರನ್ನು ಒಂದು ಹಂತದಷ್ಟು ಎತ್ತುತ್ತೇನೆ, ಮಬ್ಬು ಕಟ್ಟಿದ ಮೇಲೆ ಅಲ್ಲ. ಮೂಗಿನ ಮೇಲೆ ಕೂರುವ ರಬ್ಬರ್ ತುಂಡೊಂದು ಹೆಲ್ಮೆಟ್ ಜೊತೆ ಬಂದಿತ್ತು. ಏನೋ ಬೇಡದ ಸಾಮಾನು ಅಂತ ಡಬ್ಬಿಯಲ್ಲೇ ಬಿಟ್ಟಿದ್ದೆ. ಉಸಿರನ್ನು ಕೆಳಕ್ಕೆ ತಿರುಗಿಸುವುದೇ ಅದರ ಕೆಲಸವಂತೆ. ಹಾಕಿದ ಮೇಲೆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ಗದ್ದದ ಪರದೆ ತೆಗೆದಿಟ್ಟಿದ್ದೇನೆ. ಮಫ್ಲರ್ ಬಾಯಿಯಿಂದ ಕೆಳಗೇ ಇರುತ್ತದೆ. ಮೇಲೆ ಎಳೆದುಕೊಂಡರೆ ಉಸಿರು ನೇರ ಕಣ್ಣಿನ ಮುಂದಕ್ಕೇ ಏರುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಪಿನ್‌ಲಾಕ್ ಎಂಬ ಒಳಪದರ. ವೈಸರ್ ಒಳಗಡೆ ಎರಡು ಪಿನ್ನಿನ ನಡುವೆ ಕೂರುವ ತೆಳು ಹಾಳೆ ಅದು. ಅಂಚಿನ ಸುತ್ತ ಸಿಲಿಕೋನ್ ಗೆರೆ ಇರುತ್ತದೆ, ಅದು ವೈಸರ್ ಕಡೆಗೆ ಮುಖ ಮಾಡಿರಬೇಕು. ಆಗ ನಡುವೆ ಗಾಳಿ ಸಿಕ್ಕಿಕೊಂಡು ಒಳಗಿನ ಹಾಳೆ ಹೊರಗಿನ ಥಂಡಿಗೆ ಬೇಗ ತಣ್ಣಗಾಗುವುದಿಲ್ಲ, ಹಾಳೆ ಕೂಡ ತೇವವನ್ನು ಹೀರಿಕೊಳ್ಳುತ್ತದೆ. 30, 70, 120 ಅಂತ ಅದರಲ್ಲಿ ಬೇರೆ ಬೇರೆ ಬಗೆ, ಸಂಖ್ಯೆ ಹೆಚ್ಚಾದಷ್ಟು ಮಬ್ಬು ತಡೆಯುವ ಶಕ್ತಿ ಹೆಚ್ಚು. ಆದರೆ ನಿಮ್ಮ ವೈಸರಿನಲ್ಲಿ ಪಿನ್ ಇರಬೇಕು, ಹಾಳೆ ಆ ಮಾದರಿಗೇ ಸೇರಿದ್ದಾಗಿರಬೇಕು. ಎರಡರ ನಡುವೆಯೇ ಮಬ್ಬು ಕಾಣಿಸಿದರೆ ಸಾಮಾನ್ಯವಾಗಿ ಅಂಚು ಬಿಗಿಯಾಗಿ ಕೂತಿಲ್ಲ ಅಂತ ಅರ್ಥ. ತಿರುಗಿಸುವ ಪಿನ್ ಆದರೆ ಸ್ವಲ್ಪ ತಿರುಗಿಸಿ ಬಿಗಿ ಮಾಡಬಹುದು.

ಇಲ್ಲೂ ನಾನು ಸುಮ್ನೆ ಇರಲಿಲ್ಲ. ಮಳೆಯಿಂದ ಬಂದವನೇ ಒದ್ದೆ ಹಾಳೆಯನ್ನು ಕರವಸ್ತ್ರದಿಂದ ತಿಕ್ಕಿದೆ. ತೇವ ಕುಡಿದಾಗ ಅದು ಇನ್ನೂ ಮೆತ್ತಗಾಗಿರುತ್ತದೆ. ನಡುವೆ ಮೂರು ಗೀರು ಬಿದ್ದವು. ಈಗ ಒತ್ತದೆ, ತಿಕ್ಕದೆ, ನೆರಳಿನಲ್ಲಿ ತಾನಾಗಿ ಒಣಗಲು ಬಿಡುತ್ತೇನೆ.

ಒಳಪದರ ಇಲ್ಲದ ವೈಸರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ತೆಳುವಾಗಿ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಜಾಸ್ತಿ ಹಚ್ಚಿದರೆ ನೀರಿನ ಜೊತೆ ಕರಗಿ ಕಣ್ಣಿಗೆ ಇಳಿಯುತ್ತದೆ, ಆ ಉರಿಯಲ್ಲಿ ಬೈಕ್ ಓಡಿಸುವುದು ಮಬ್ಬಿಗಿಂತ ಕಷ್ಟ. ವೈಸರಿಗೇ ಮಬ್ಬು ತಡೆಯುವ ಲೇಪ ಇದ್ದರೆ ಅದರ ಜೊತೆ ಬಂದ ಚೀಟಿ ಓದದೆ ಏನನ್ನೂ ಹಚ್ಚಬೇಡಿ. ಟೂತ್‌ಪೇಸ್ಟ್ ಬೇಡವೇ ಬೇಡ. ಹಲ್ಲು ಬೆಳಗುವ ಪುಡಿ ಅದರಲ್ಲಿದೆ, ಪ್ಲಾಸ್ಟಿಕ್ಕನ್ನು ಅದು ಗೀರುತ್ತದೆ. ಹಗಲು ಕಾಣದ ಗೀರುಗಳು ರಾತ್ರಿ ಎದುರಿನ ದೀಪಕ್ಕೆ ಒಂದೊಂದೂ ಹೊಳೆಯುತ್ತವೆ.

ಹೊರಗಿನ ಕೆಸರು, ಸತ್ತ ಹುಳ ತೆಗೆಯಲು ಒದ್ದೆ ಬಟ್ಟೆಯನ್ನು ಐದು ನಿಮಿಷ ವೈಸರ್ ಮೇಲೆ ಹಾಸಿಡಿ. ನೆನೆದ ಮೇಲೆ ತಾನೇ ಬಿಡುತ್ತದೆ. ಹೆಲ್ಮೆಟ್ಟಿನ ಒಳಗಿನ ಮೆತ್ತೆ ಒದ್ದೆಯಾಗಿದ್ದರೆ ಬಿಚ್ಚಿ ಒಣಗಿಸಿ. ರಾತ್ರಿಯಿಡೀ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಬೆಳಿಗ್ಗೆ ಹಾಕಿಕೊಂಡರೆ, ನೀವು ಉಸಿರಾಡುವ ಮೊದಲೇ ಒಳಗೆ ತೇವ ತುಂಬಿರುತ್ತದೆ. ಹಾಗಂತ ಹೀಟರ್ ಮುಂದೆ ಇಡಬೇಡಿ, ಒಳಗಿನ ಥರ್ಮಾಕೋಲ್ ಪದರ ಬಿಸಿಗೆ ಕೆಡುತ್ತದೆ.

ಇಷ್ಟೆಲ್ಲ ಮಾಡಿದರೂ ಕನ್ನಡಕದ ಮಬ್ಬು ನನಗಿನ್ನೂ ಬಗ್ಗಿಲ್ಲ. ಮೊನ್ನೆ ಮಳೆಯಲ್ಲಿ ವೈಸರ್ ಚೊಕ್ಕವಾಗಿತ್ತು, ಕನ್ನಡಕ ಬೆಳ್ಳಗಾಯಿತು. ಇಂಡಿಕೇಟರ್ ಹಾಕಿ, ಬದಿಗೆ ನಿಂತು, ಹೆಲ್ಮೆಟ್ ಬಿಚ್ಚಿ ಒರೆಸಿಕೊಂಡೆ. ಹಿಂದೆ ಬಂದವನೊಬ್ಬ ಹಾರ್ನ್ ಹೊಡೆದು ಹೋದ. ಅವನ ವೈಸರ್ ಪೂರ್ತಿ ಮಬ್ಬಾಗಿತ್ತು.