ಶಾಯಿಯ ವಯಸ್ಸು ಹೇಳ್ತೀನಿ ಅನ್ನೋರಿಗೆ ದುಡ್ಡು ಕೊಡಬೇಡಿ

ಮುಂಬೈಯಲ್ಲಿ ಚೆಕ್ ಕೇಸು ನಡೆಸ್ತಿರೋ ನಮ್ಮವರು ದಯವಿಟ್ಟು ಓದಿ. ನಲವತ್ತು ಸಾವಿರ ಕಳ್ಕೊಂಡಿದ್ದೇನೆ. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ.

2016ರಲ್ಲಿ ನಮ್ಮ ಡೊಂಬಿವಲಿ ಹೋಟೆಲಿಗೆ ಕಿರಾಣಿ ಹಾಕ್ತಿದ್ದ ಪಾರ್ಟಿಗೆ ಸೆಕ್ಯುರಿಟಿ ಅಂತ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದೆ. ಕಳೆದ ವರ್ಷ ಅದರಲ್ಲಿ ಎಂಟು ಲಕ್ಷ ಬರೆದು ಬ್ಯಾಂಕಿಗೆ ಹಾಕಿದ. ಬೌನ್ಸು, ನನ್ನ ಮೇಲೆ 138 ಕೇಸು, ಅಂದ್ರೆ ಚೆಕ್ ಬೌನ್ಸಿನ ಸೆಕ್ಷನ್. ಸಹಿ ಹಳೇದು, ಮೊತ್ತ ಹೊಸದು ಅಂತ ತೋರಿಸಿದರೆ ಗೆದ್ದೆ ಅಂದ್ಕೊಂಡೆ.

ಮುಂಬೈಯ ಫೋರ್ಟ್ ಏರಿಯಾದಲ್ಲಿ ಒಬ್ಬ ಫೊರೆನ್ಸಿಕ್ ಎಕ್ಸ್‌ಪರ್ಟ್ ಸಿಕ್ಕಿದ. "ನಾನೂ ಕುಂದಾಪುರದ ಕಡೆಯವನೇ ಅಣ್ಣ, ಯಾವ ತಿಂಗಳು ಬರೆದದ್ದು ಅಂತ ಹೇಳ್ತೇನೆ, ಟ್ರಾಂಬೆಯ ಅಣು ಕೇಂದ್ರದಲ್ಲೇ ಟೆಸ್ಟ್ ಮಾಡಿಸ್ತೇನೆ" ಅಂದ. ಊರಿನವನು ಅಂತ ನಂಬಿದೆ. ನಾನು ಕೊಟ್ಟಿದ್ದು ಚೆಕ್ಕಿನ ಜೆರಾಕ್ಸ್. ಭೂತಗನ್ನಡಿ ಹಿಡಿದು ಹತ್ತು ನಿಮಿಷ ಅದನ್ನೇ ನೋಡಿದ. ಜೆರಾಕ್ಸ್!

ಹದಿನೈದು ದಿನಕ್ಕೆ ಸ್ಪೈರಲ್ ಹಾಕಿದ ರಿಪೋರ್ಟ್ ಬಂತು. ವಕೀಲರು ಎರಡನೇ ಪುಟಕ್ಕೇ ನಿಂತು ನನ್ನ ಮುಖ ನೋಡಿದರು. "ರೀ, ಒರಿಜಿನಲ್ ಕೋರ್ಟ್ ಫೈಲಲ್ಲಿದೆ. ಇವನು ಯಾವ ಶಾಯಿ ನೋಡಿದ? ಇದರಲ್ಲಿರೋದು ಟೋನರ್ ಪುಡಿ." ಪಕ್ಕದಲ್ಲಿದ್ದ ಜೂನಿಯರ್ ಹುಡುಗಿ ತಲೆ ತಗ್ಗಿಸಿದಳು. ನನಗೆ ಕೂತಲ್ಲೇ ಬೆವರು.

ಅವರೇ ಬಿಡಿಸಿ ಹೇಳಿದರು. ಬಾಲ್‌ಪೆನ್ ಶಾಯಿಯಲ್ಲಿ ಫೀನಾಕ್ಸಿಎಥನಾಲ್ ಅನ್ನೋ ದ್ರಾವಕ ಇರುತ್ತೆ, ಅದು ಆರುತ್ತಾ ಹೋಗೋದನ್ನ ಗ್ಯಾಸ್ ಕ್ರೊಮಟೋಗ್ರಫಿ ಅನ್ನೋ ಲ್ಯಾಬ್ ಪರೀಕ್ಷೆಯಲ್ಲಿ ಅಳೀತಾರೆ. ಅದಕ್ಕೆ ಮೂಲ ಕಾಗದದಿಂದ ಚುಕ್ಕೆಯಷ್ಟು ಕತ್ತರಿಸಿ ತೆಗೀಬೇಕು. ಬಹುಪಾಲು ಮೊದಲ ತಿಂಗಳುಗಳಲ್ಲೇ ಆರಿಬಿಡುತ್ತೆ, ಸುಮಾರು ಎರಡು ವರ್ಷ ದಾಟಿದರೆ ಹೆಚ್ಚೇನೂ ಹೇಳೋಕಾಗಲ್ಲ. ಟ್ರಾಂಬೆ ಕೇಂದ್ರ ಅಣು ಸಂಶೋಧನೆಗೆ ಇರೋದು, ಕೋರ್ಟ್ ಕಾಗದ ಅಲ್ಲಿಗೆ ಕಳಿಸೋಕಾಗಲ್ಲ ಅಂತ 2010ರಲ್ಲೇ ಮದ್ರಾಸ್ ಹೈಕೋರ್ಟ್ ತೀರ್ಪಿನಲ್ಲಿದೆಯಂತೆ. ಅದಕ್ಕಿಂತ ದೊಡ್ಡ ಪೆಟ್ಟು: ಸಹಿ ನಮ್ಮದಾದರೆ ಉಳಿದದ್ದನ್ನ ಬೇರೆಯವರು ತುಂಬಿದರೂ ಚೆಕ್ ನಡೆಯುತ್ತೆ, ಬಾಕಿ ಇರಲಿಲ್ಲ ಅಂತ ನಾವೇ ತೋರಿಸಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆ ಎಕ್ಸ್‌ಪರ್ಟಿಗೆ ಫೋನ್ ಮಾಡಿದೆ. "ಅಣ್ಣ, ನಮ್ಮದು ಡಿಜಿಟಲ್ ಮೆಥಡ್." ಟ್ರಾಂಬೆ ರಸೀದಿ ಎಲ್ಲಿ ಅಂದೆ. "ಅದು ಗೋಪ್ಯ." ದುಡ್ಡು ವಾಪಸ್ ಕೊಡು ಅಂದೆ. "ರಸೀದಿ ಓದಿ ಸರ್, ಸಲಹಾ ಶುಲ್ಕ ಅಂತ ಬರೆದಿದೆ." ದುಡ್ಡು ಕೇಳಿದ ಕೂಡಲೇ ಅಣ್ಣ ಹೋಗಿ ಸರ್ ಆದೆ!

ಜೆರಾಕ್ಸ್ ನೋಡಿ ಶಾಯಿಯ ವಯಸ್ಸು ಹೇಳ್ತೀನಿ ಅನ್ನೋನು ಸುಳ್ಳುಗಾರ, ಅಷ್ಟೇ. ಆ ದುಡ್ಡು ಉಳಿಸಿ, ಹಳೇ ಬಿಲ್ಲು, ಲೆಡ್ಜರ್ ಹುಡುಕಿ. ನಾನು ಈಗ ಅಟ್ಟದ ಮೇಲಿನ ಡಬ್ಬಗಳಲ್ಲಿ ಅದನ್ನೇ ಹುಡುಕ್ತಿದ್ದೇನೆ. ಗ್ರಾಹಕರ ಆಯೋಗಕ್ಕೂ ದೂರು ಕೊಡ್ತೀನಿ. ಫೋರ್ಟಿನಲ್ಲಿ ಯಾರಿಗಾದರೂ ಇಂಥದೇ 'ಸಲಹಾ ಶುಲ್ಕ' ರಸೀದಿ ಸಿಕ್ಕಿದ್ದರೆ ಬಿಸಾಡಬೇಡಿ, ನನ್ನ ಜೊತೆ ಬನ್ನಿ.