ಫೋನಿನಲ್ಲಿ ನೋಡಿ ‘ಓಕೆ’ ಕಳಿಸಬೇಡಿ: ನಮ್ಮ ಮೇಷ್ಟ್ರ ಕ್ಯಾಟಲಾಗ್ ಹಾಳಾಗಿದ್ದು ಹೀಗೆ

ಚಿತ್ರಪ್ರದರ್ಶನಕ್ಕೆ ಕ್ಯಾಟಲಾಗ್ ಮಾಡಿಸಬೇಕು ಅಂತಿರುವವರು ಪ್ರೆಸ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ನಮ್ಮ ಮೇಷ್ಟ್ರು ಐವತ್ತು ವರ್ಷ ಬರೆದ ಜಲವರ್ಣ ಚಿತ್ರಗಳ ಪುಸ್ತಕ ನನ್ನ ಉಸ್ತುವಾರಿಯಲ್ಲೇ ಹಾಳಾಯಿತು. 500 ಪ್ರತಿ, 1,90,000 ರೂಪಾಯಿ. ಆ ಹಣ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹಾಕಿದ್ದು. ಆಟೋ ಓಡಿಸುವ ಒಬ್ಬರು ಕೂಡ ಎರಡು ಸಾವಿರ ತಂದು ಕೈಗಿಟ್ಟಿದ್ದರು.

ಮೇಷ್ಟ್ರಿಗೆ ಈಗ 82. ಬಸವನಗುಡಿ ಕಡೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಭಾನುವಾರ ಬಂತೆಂದರೆ ಸೈಕಲ್ಲಿಗೆ ಬೋರ್ಡು ಕಟ್ಟಿಕೊಂಡು ಯಾವುದಾದರೂ ಕೆರೆ ದಂಡೆಗೆ ಹೊರಟುಬಿಡುತ್ತಿದ್ದರು. ಕೆಂಪಾಂಬುಧಿ, ಯಡಿಯೂರು, ಸ್ಯಾಂಕಿ, ಹೆಸರಘಟ್ಟ. ನಮ್ಮನ್ನು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಕರೆದುಕೊಂಡು ಹೋಗಿ, ವೆಂಕಟಪ್ಪನವರ ಊಟಿ ಚಿತ್ರಗಳ ಮುಂದೆ ನಿಲ್ಲಿಸಿ, ಮಂಜಿನ ಹಿಂದೆ ಬೆಟ್ಟ ಎಲ್ಲಿ ಮುಗಿಯುತ್ತೆ ತೋರಿಸ್ರೋ ಅನ್ನುತ್ತಿದ್ದರು. ನಮಗೆ ತೋರಿಸಲು ಆಗುತ್ತಿರಲಿಲ್ಲ. ಅಷ್ಟು ತೆಳುವಾದ ಬಣ್ಣ ಅದು. ಅವರ ಸ್ವಂತ ಕೆಲಸವೂ ಹಾಗೇ. ಕಾಗದದ ಬಿಳಿ ಎಲ್ಲಿ ನಿಂತಿತು, ನೀರು ಎಲ್ಲಿ ಶುರುವಾಯಿತು ಹೇಳುವುದು ಕಷ್ಟ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಒಂದು ವಾರದ ಪ್ರದರ್ಶನ ಅಂತ ಗೊತ್ತಾಯಿತು. 62 ಚಿತ್ರ. ವಾರ ಮುಗಿದ ಮೇಲೆ ಮಾರಾಟವಾದವು ಯಾರ್‍ಯಾರ ಮನೆಗೋ ಹೋಗುತ್ತವೆ, ಎಲ್ಲವೂ ಮತ್ತೆ ಒಂದೇ ಗೋಡೆ ಮೇಲೆ ಸೇರುವುದಿಲ್ಲ. ಅದಕ್ಕೇ ಕ್ಯಾಟಲಾಗ್ ಚೆನ್ನಾಗಿ ಬರಲಿ ಅಂತ ಆಸೆಪಟ್ಟೆವು.

ಮೊದಲ ತಪ್ಪು ಫೋಟೊದಲ್ಲೇ ಆಗಿತ್ತು. ಚಿತ್ರಗಳನ್ನು ಫ್ರೇಮಿನಿಂದ ತೆಗೆಯದೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಮನೆಯಲ್ಲೇ ತೆಗೆಸಿದೆವು. ಗಾಜಿನ ಮೇಲೆ ಕಿಟಕಿ ಕಾಣುತ್ತಿತ್ತು. ಆಮೇಲೆ ತಿಳಿದದ್ದು: ಗಾಜು ತೆಗೆದು, ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ಒಂದೇ ಥರದ ದೀಪ ಇಟ್ಟು, ಪ್ರತಿ ಚಿತ್ರದ ಪಕ್ಕ ಬಣ್ಣ ಹೋಲಿಸಿ ನೋಡುವ ಕಲರ್ ಚಾರ್ಟ್ ಹಿಡಿದು, ಕ್ಯಾಮೆರಾ ಕಂಡದ್ದನ್ನು ಕುಗ್ಗಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆಯಬೇಕು. ಹತ್ತು ಇಂಚು ಅಗಲ ಅಚ್ಚಾಗುವ ಚಿತ್ರಕ್ಕೆ ಕನಿಷ್ಠ 3000 ಪಿಕ್ಸೆಲ್ ಬೇಕು. ನಮ್ಮ ಫೋಟೊಗಳಲ್ಲಿ ಅರ್ಧದಷ್ಟು ವಾಟ್ಸಾಪಿನಲ್ಲಿ ಹೋಗಿದ್ದವು, ಡಿಸೈನರ್ ಕೈಗೆ ಸೇರುವಷ್ಟರಲ್ಲಿ 1600 ಪಿಕ್ಸೆಲ್‌ಗೆ ಇಳಿದಿದ್ದವು. ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಡಿಸೈನರ್ ಕೈಚಳಕ ಇದ್ದವರೇ, ಆದರೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟ ಬರಹವನ್ನು ಅವರು ಯೂನಿಕೋಡ್ ಅಲ್ಲದ ಹಳೆಯ ಬಗೆಯ ನುಡಿ ಫಾಂಟಿಗೆ ಬದಲಾಯಿಸಿಕೊಂಡರು. ಆ ಬದಲಾವಣೆಯಲ್ಲಿ ಒತ್ತಕ್ಷರಗಳು ಚೆದುರಿದವು. ‘ಹೆಸರಘಟ್ಟದ ಸಂಧ್ಯೆ’ಯಲ್ಲಿ ಯ ಒತ್ತು ಕಳಚಿ ದೂರ ಹೋಗಿ ಬಿದ್ದಿತ್ತು. ನಾನು ಕರಡು ತಿದ್ದಿದ್ದು ಬದಲಾಯಿಸುವುದಕ್ಕೆ ಮುಂಚಿನ ಪ್ರತಿಯನ್ನು! ಪುಟದಲ್ಲಿ ಅಕ್ಷರ ಕೂತ ಮೇಲೆ ಇನ್ನೊಮ್ಮೆ, ಕಾಗದದ ಮೇಲೆ ಪ್ರಿಂಟ್ ತೆಗೆದು, ಕನ್ನಡ ಬಲ್ಲ ಇಬ್ಬರಾದರೂ ಓದಲೇಬೇಕು. ಯೂನಿಕೋಡನ್ನೇ ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಬಳಸುವುದಾದರೆ, ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಹಾಕಿದ್ದಾರಾ ಕೇಳಿ, ಇಲ್ಲದಿದ್ದರೆ ಒತ್ತುಗಳು ಒಡೆಯುತ್ತವೆ. ಅಕ್ಷರಗಳ ಕಪ್ಪು ಬರೀ ಕಪ್ಪು ಇಂಕಿನಲ್ಲೇ ಇದೆಯಾ ಅಂತಲೂ ಕೇಳಿ. ನಮ್ಮದು ಅಚ್ಚಿನ ನಾಲ್ಕೂ ಬಣ್ಣ ಸೇರಿದ ಕಪ್ಪಾಗಿತ್ತು. ಬಣ್ಣಕ್ಕೊಂದರಂತೆ ಇರುವ ಅಚ್ಚಿನ ಪ್ಲೇಟುಗಳು ಕೂದಲೆಳೆಯಷ್ಟು ಸರಿದದ್ದಕ್ಕೇ ಪುಟ್ಟ ಒತ್ತಕ್ಷರಗಳ ಸುತ್ತ ಕೆಂಪು, ನೀಲಿ ಅಂಚು ಎದ್ದು ಓದಲು ಕಣ್ಣು ನೋಯುತ್ತಿತ್ತು.

ಇನ್ನು ಬಣ್ಣದ ವಿಷಯ. ನನ್ನನ್ನು ಇವತ್ತಿಗೂ ಕಾಡುವುದು ಇದೇ.

ಮೇಷ್ಟ್ರ ನೀಲಿ ಅಲ್ಟ್ರಾಮರೀನ್. ಸಂಜೆ ಕೆರೆ ನೀರಿಗೆ ಅದೊಂದನ್ನೇ ಮೂರು ನಾಲ್ಕು ಪದರ ಹಾಕುತ್ತಿದ್ದರು, ಒಂದು ಪದರ ಪೂರಾ ಒಣಗಿದ ಮೇಲೆ ಇನ್ನೊಂದು. ಆಫ್‌ಸೆಟ್ ಪ್ರೆಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ನಾಲ್ಕೇ ಇಂಕು: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಅಷ್ಟು ಹೊಳಪಿನ ನೀಲಿ ಆ ನಾಲ್ಕರಲ್ಲಿ ಸಿಗುವುದೇ ಇಲ್ಲ, ಹತ್ತಿರಕ್ಕೆ ತರಬಹುದು ಅಷ್ಟೆ. ಸಯಾನ್‌ಗೆ ಮೆಜೆಂಟಾ ಬೆರೆತು ನೀಲಿ ಹುಟ್ಟಬೇಕು. ಮೆಜೆಂಟಾ ಸ್ವಲ್ಪ ಮೇಲೆ ಬಂದರೂ ನೀಲಿ ನೇರಳೆಗೆ ತಿರುಗುತ್ತದೆ. ಮೆಜೆಂಟಾವನ್ನು ಸಯಾನ್‌ಗಿಂತ ಸುಮಾರು 30 ಶೇಕಡಾ ಕೆಳಗೆ ಇಟ್ಟುಕೊಳ್ಳುವುದು ಅನುಭವಸ್ಥರ ರೂಢಿ. ನಮ್ಮ ಫೈಲು ಸ್ಕ್ರೀನಿಗೆ ಬಳಸುವ ಕೆಂಪು, ಹಸಿರು, ನೀಲಿಯ ಆರ್‌ಜಿಬಿಯಲ್ಲೇ ಪ್ರೆಸ್‌ಗೆ ಹೋಯಿತು, ಅಲ್ಲಿ ಕಂಪ್ಯೂಟರ್ ತಾನೇ ನಾಲ್ಕು ಇಂಕಿನ ಲೆಕ್ಕಕ್ಕೆ ಬದಲಾಯಿಸಿಕೊಂಡಿತು. ಮೇಲಿಂದ ಯಾರೋ ಚಿತ್ರಗಳು ‘ಎದ್ದು ಕಾಣಲಿ’ ಅಂತ ಕಾಂಟ್ರಾಸ್ಟ್ ಏರಿಸಿದ್ದರು. ಜಲವರ್ಣಕ್ಕೆ ಅದು ವಿಷ. ಕಾಗದದ ಮೂರು ನಾಲ್ಕು ಶೇಕಡಾ ಜಾಗವನ್ನಷ್ಟೇ ಮುಚ್ಚುವ ಇಂಕಿನ ಚುಕ್ಕಿಗಳಲ್ಲಿ ಬರಬೇಕಾದ ತೆಳು ಮಂಜು ಪೂರ್ತಿ ಅಳಿಸಿಹೋಗಿ ಆಕಾಶ ಬರಿದಾಯಿತು.

ನನಗೆ ಪ್ರೂಫ್ (ಅಚ್ಚಿಗೆ ಮುಂಚೆ ಒಪ್ಪಿಗೆಗೆ ಕಳಿಸುವ ಮಾದರಿ) ಅಂತ ಬಂದದ್ದು ವಾಟ್ಸಾಪಿನಲ್ಲಿ ಒಂದು ಪಿಡಿಎಫ್. ಬಸ್ಸಿನಲ್ಲಿದ್ದೆ. ಫೋನಿನಲ್ಲಿ ಎಲ್ಲವೂ ಸೊಗಸಾಗಿ ಕಂಡಿತು. ತಾನೇ ಬೆಳಕು ಬೀರುವ ಸ್ಕ್ರೀನಿನಲ್ಲಿ ಯಾವ ನೀಲಿಯಾದರೂ ಹೊಳೆಯುತ್ತದೆ. ‘ಓಕೆ ಸಾರ್, ಪ್ರಿಂಟ್ ಮಾಡಿ’ ಅಂತ ಕಳಿಸಿಬಿಟ್ಟೆ.

ಕಟ್ಟುಗಳು ಬಂದದ್ದು ಉದ್ಘಾಟನೆಯ ಹಿಂದಿನ ರಾತ್ರಿ. ಮೇಷ್ಟ್ರ ಮನೆಗೆ ಒಂದು ಪ್ರತಿ ಒಯ್ದೆ. ಕನ್ನಡಕ ಒರೆಸಿಕೊಂಡು ಒಂದೊಂದೇ ಪುಟ ತಿರುವಿದರು. ಹೆಸರಘಟ್ಟದ ಪುಟ ಬಂದಾಗ ಪುಸ್ತಕವನ್ನು ದೀಪದ ಹತ್ತಿರ ಹಿಡಿದರು, ದೂರ ಹಿಡಿದರು.

“ಇದು ಯಾವ ಕೆರೆನಮ್ಮ?” ಅಂತ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ನೀರೆಲ್ಲ ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು.

ಅದಲ್ಲದೆ ಇಂಕು ಸರಿಯಾಗಿ ಒಣಗುವ ಮೊದಲೇ ಕಟಿಂಗ್‌ಗೆ ಹಾಕಿದ್ದರು. ಎದುರು ಪುಟದ ಮೇಲೆ ಚಿತ್ರದ ನೆರಳು ಅಂಟಿತ್ತು. ಯಡಿಯೂರಿನ ದೊಡ್ಡ ಚಿತ್ರವನ್ನು ಡಿಸೈನರ್ ಎರಡು ಪುಟಕ್ಕೆ ಹರಡಿದ್ದರು. ಪುಸ್ತಕ ಅಂಟಿನ ಪರ್ಫೆಕ್ಟ್ ಬೈಂಡಿಂಗ್ ಆದ್ದರಿಂದ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ದಂಡೆಯ ಹುಣಸೆ ಮರ, ಇಡೀ ಚಿತ್ರ ನಿಂತಿದ್ದೇ ಆ ಮರದ ಮೇಲೆ, ನಡುವಿನ ಸಂದಿನಲ್ಲಿ ಮುಚ್ಚಿಹೋಯಿತು. ಎರಡು ಪುಟಕ್ಕೆ ಚಿತ್ರ ಬೇಕೇ ಬೇಕು ಅಂದರೆ ಹೊಲಿಗೆ ಬೈಂಡಿಂಗ್ ಮಾಡಿಸಿ.

ಮಾರನೆ ವಾರ ಪ್ರೆಸ್‌ಗೆ ಹೋದೆ. ಕೌಂಟರಿನಲ್ಲಿದ್ದವರು ಫೋನ್ ತೆಗೆದು ನನ್ನದೇ ಸಂದೇಶ ತೋರಿಸಿದರು. “ನೀವೇ ಓಕೆ ಕಳ್ಸಿದೀರಲ್ಲ ಮೇಡಂ.” ಒಳಗಿದ್ದ ವಯಸ್ಸಾದ ಮೆಷಿನ್‌ಮನ್ ಮಾತ್ರ ಹೊರಗೆ ಬಂದು ಸಮಾಧಾನವಾಗಿ ಮಾತಾಡಿದರು. “ಒರಿಜಿನಲ್ ತಂದು ಪಕ್ಕದಲ್ಲಿ ನಿಂತ್ಕೊಂಡಿದ್ರೆ ಸ್ವಲ್ಪ ತರ್ತಿದ್ದೆ ಮೇಡಂ. ಫೈಲಲ್ಲೇ ಇಲ್ದಿರೋದು ಎಷ್ಟು ಅಂತ ತರಕ್ಕಾಗುತ್ತೆ?”

ಅವರು ತೋರಿಸಿದ ಒಂದು ಸಂಗತಿ ಎಲ್ಲರಿಗೂ ತಿಳಿದಿರಲಿ. ನಮ್ಮ 96 ಪುಟ ಅಂದರೆ 16 ಪುಟಗಳ ಆರು ಫಾರಂ. ಫಾರಂ ಅಂದರೆ ಮಡಿಸಿದಾಗ 16 ಪುಟವಾಗುವ ಒಂದು ದೊಡ್ಡ ಶೀಟು. ಒಂದು ಶೀಟಿನ ಒಂದು ಮಗ್ಗುಲಲ್ಲಿ ಎಂಟು ಪುಟ ಒಟ್ಟಿಗೆ ಅಚ್ಚಾಗುತ್ತವೆ. ಮೆಷಿನ್ನಿನಲ್ಲಿ ಇಂಕು ಏರಿಸುವುದು, ಇಳಿಸುವುದು ಶೀಟಿನ ಉದ್ದಕ್ಕೂ ಪಟ್ಟಿ ಪಟ್ಟಿಯಾಗಿ. ಒಂದು ಪಟ್ಟಿಯಲ್ಲಿ ಹಿಂದೆ ಮುಂದೆ ಇರುವ ಪುಟಗಳಿಗೆ ಇಂಕು ಒಂದೇ ಲೆಕ್ಕ. ಕೆರೆಯ ನೀಲಿ ಸರಿಮಾಡಲು ಮೆಜೆಂಟಾ ಇಳಿಸಿದರೆ ಅದೇ ಸಾಲಿನಲ್ಲಿರುವ ಗುಲ್‌ಮೊಹರ್ ಸಪ್ಪೆಯಾಗುತ್ತದೆ. ಅದಕ್ಕೆ ಪುಟಗಳ ಜೋಡಣೆ ಮಾಡುವಾಗಲೇ, ಯಾವ ಪುಟ ಯಾವ ಫಾರಂನಲ್ಲಿ ಎಲ್ಲಿ ಕೂರುತ್ತದೆ ಅಂತ ಪ್ರೆಸ್‌ನವರಿಂದ ನಕ್ಷೆ ಕೇಳಿ ಪಡೆಯಬೇಕು. ಸಾಧ್ಯವಾದಷ್ಟು ನೀಲಿಯ ಜೊತೆ ನೀಲಿ, ಕೆಂಪಿನ ಜೊತೆ ಕೆಂಪು ಬರುವಂತೆ ನೋಡಿಕೊಳ್ಳಬೇಕು.

ಕಾಗದದ ಮೋಸ ನನಗೆ ಗೊತ್ತಾಗಿದ್ದು ಇನ್ನೂ ತಡವಾಗಿ. ಬಾಯಿಮಾತಿನಲ್ಲಿ 170 ಜಿಎಸ್ಎಂ (ಅಂದರೆ ಒಂದು ಚದರ ಮೀಟರಿಗೆ 170 ಗ್ರಾಂ ತೂಗುವ) ಮ್ಯಾಟ್ ಆರ್ಟ್ ಪೇಪರ್ ಅಂದಿದ್ದರು. ಪುಟದ ಹಿಂದಿನ ಚಿತ್ರ ಮುಂದಕ್ಕೆ ಕಾಣುತ್ತಿತ್ತು. ಅನುಮಾನ ಬಂದು ಒಂದು ಪ್ರತಿಯ ರಕ್ಷಾಪುಟ ಕಿತ್ತು, ಬೀದಿ ಕೊನೆಯ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೆ. ಲೆಕ್ಕ ಸುಲಭ. ಎಂಟೂವರೆ ಇಂಚು, ಹನ್ನೊಂದು ಇಂಚಿನ 48 ಹಾಳೆ ಸೇರಿದರೆ ಸುಮಾರು 2.9 ಚದರ ಮೀಟರ್. 170 ಜಿಎಸ್ಎಂ ಆಗಿದ್ದರೆ 490 ಗ್ರಾಂ ಹತ್ತಿರ ತೂಗಬೇಕಿತ್ತು. ತೂಗಿದ್ದು 378 ಗ್ರಾಂ, ಅಂದರೆ 130 ಜಿಎಸ್ಎಂ. ಕೊಟೇಶನ್ ತೆಗೆದು ನೋಡಿದರೆ ‘ಆರ್ಟ್ ಪೇಪರ್’ ಅಂತಷ್ಟೇ ಇತ್ತು, ತೂಕ ಬರೆದಿರಲಿಲ್ಲ. ಕೇಳಲು ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ.

ದಯವಿಟ್ಟು ಕೊಟೇಶನ್‌ನಲ್ಲಿ ಕಾಗದದ ಹೆಸರು, ಜಿಎಸ್ಎಂ, ಬೈಂಡಿಂಗ್ ಬಗೆ, ಲ್ಯಾಮಿನೇಷನ್, ಪ್ರೂಫ್ ಯಾವ ಥರದ್ದು, ಎಲ್ಲ ಬರೆಸಿಕೊಳ್ಳಿ. ಅದೇ ಕಾಗದದಲ್ಲಿ ಅಚ್ಚಿಲ್ಲದ ಖಾಲಿ ಪುಸ್ತಕ, ಅಂದರೆ ಡಮ್ಮಿ ಮಾಡಿಸಿ ಕೈಯಲ್ಲಿ ಹಿಡಿದು ನೋಡಿ, ತೂಗಿ ನೋಡಿ. ನಿಮಗೆ ತುಂಬ ಮುಖ್ಯವಾದ ನಾಲ್ಕೈದು ಚಿತ್ರಗಳಿಗೆ ಬಣ್ಣದ ಪ್ರೂಫ್ ತೆಗೆಸಿ, ಹಗಲು ಬೆಳಕಿನಲ್ಲಿ ಮೂಲ ಚಿತ್ರದ ಪಕ್ಕ ಇಟ್ಟು ನೋಡಿ, ಒಪ್ಪಿದರೆ ಅದರ ಮೇಲೇ ಸಹಿ ಹಾಕಿ. ಅಚ್ಚಿನ ದಿನ ರಜೆ ಹಾಕಿ. ಪ್ರತಿ ಫಾರಂನ ಮೊದಲ ಸರಿಯಾದ ಶೀಟಿಗೆ ಸಹಿ ಹಾಕಿ, ಅದನ್ನೇ ನೋಡಿಕೊಂಡು ಉಳಿದದ್ದು ಓಡಿಸಲು ಹೇಳಿ. ಉದ್ಘಾಟನೆಗೆ ಕನಿಷ್ಠ ಎರಡು ವಾರ ಮುಂಚೆ ಪುಸ್ತಕ ಕೈಗೆ ಬರುವಂತೆ ದಿನ ಗೊತ್ತುಮಾಡಿ.

ನಾವೀಗ 100 ಪ್ರತಿ ಮತ್ತೆ ಮಾಡಿಸಲು ಹೊರಟಿದ್ದೇವೆ, ಡಿಜಿಟಲ್‌ನಲ್ಲಿ. ಎಲ್ಲ ಚಿತ್ರಗಳ ಫೋಟೊ ಹೊಸದಾಗಿ ತೆಗೆಯುತ್ತಿದ್ದೇವೆ. ಪ್ರದರ್ಶನದಲ್ಲಿ 19 ಚಿತ್ರ ಮಾರಾಟವಾಗಿದ್ದವು. ಕೊಂಡವರ ಮನೆಗೆ ದೀಪ, ಸ್ಟ್ಯಾಂಡ್ ಹೊತ್ತುಕೊಂಡು ಒಂದೊಂದಾಗಿ ಹೋಗುತ್ತಿದ್ದೇವೆ. ಎಲ್ಲರೂ ಒಳಗೆ ಕರೆದು ಕಾಫಿ ಕೊಟ್ಟು, ಗೋಡೆಯಿಂದ ತಾವೇ ಇಳಿಸಿಕೊಡುತ್ತಿದ್ದಾರೆ. ಹೆಸರಘಟ್ಟದ ಚಿತ್ರ ಕೊಂಡವರು ಮಾತ್ರ ಮನೆ ಖಾಲಿ ಮಾಡಿಕೊಂಡು ಹೋಗಿದ್ದಾರೆ. ಕೊಟ್ಟಿದ್ದ ನಂಬರು ಹತ್ತುತ್ತಿಲ್ಲ. ಆ ಚಿತ್ರಕ್ಕೆ ನಮ್ಮ ಬಳಿ ಇರುವುದು ಹಳೆಯ ಫೋಟೊ ಒಂದೇ, 1600 ಪಿಕ್ಸೆಲ್, ಗಾಜಿನ ಮೇಲೆ ಕಿಟಕಿಯ ನೆರಳು ಬಿದ್ದದ್ದು.