ಸ್ಪೈಡರ್‌ಮ್ಯಾನ್: ಕಾಮಿಕ್ಸ್ ಮೊದಲಾ, ಸಿನಿಮಾ ಮೊದಲಾ?

ಬದಿಯಡ್ಕದ ಅಕ್ಕನ ಮಗ ಕೇಳಿದ, ಮಾವ, ಸ್ಪೈಡರ್‌ಮ್ಯಾನ್ ಎಲ್ಲಿಂದ ಶುರು ಮಾಡುದು ಅಂತ. ನಮ್ಮಲ್ಲಿ ಒಂದೇ ಪ್ರಸಂಗವನ್ನು ಬೇರೆ ಬೇರೆ ಮೇಳದವರು ಆಡ್ತಾರಲ್ಲ, ಸ್ಪೈಡರ್‌ಮ್ಯಾನ್ ಸಿನಿಮಾವನ್ನು ಹೊಸ ನಟನಿಂದ ಮತ್ತೆ ಮೊದಲಿಂದ ಮಾಡುವ ರೀಬೂಟ್ ಅಂದ್ರೂ ಹಾಗೆಯೇ, ಪಾತ್ರ ಅದೇ, ವೇಷಧಾರಿ ಬೇರೆ.

1962ರ ಕಾಮಿಕ್ಸ್‌ನಲ್ಲಿ ಪೀಟರ್, ಅಂದ್ರೆ ಸ್ಪೈಡರ್‌ಮ್ಯಾನ್ ಆಗುವ ಹುಡುಗ, ಬಲೆ ಹಾರಿಸುವ ಸಾಧನ ತಾನೇ ಮಾಡ್ತಾನೆ, 2002ರ ಟೋಬಿ ಮಗ್ವೈರ್ ಸಿನಿಮಾದಲ್ಲಿ ಬಲೆ ಕೈಯಿಂದಲೇ ಬರ್ತದೆ, ನಂಗೆ ಅದು ಸರಿ ಕಾಣುದಿಲ್ಲ, ಹುಡುಗನ ತಲೆ ಓಡುದು ಕಾಣುದೇ ಆ ಸಾಧನ ಮಾಡುದ್ರಲ್ಲಿ. ಆದ್ರೂ 2004ರ ಎರಡನೇ ಭಾಗದಲ್ಲಿ ಬಾಡಿಗೆಗೆ ದುಡ್ಡಿಲ್ಲದೆ ಪಿಜ್ಜಾ ಹೊತ್ತು ಓಡುವ ಪೀಟರ್ ಉಂಟಲ್ಲ, ಕಾಮಿಕ್ಸ್‌ನ ಪೀಟರ್‌ಗೆ ಅಷ್ಟು ಹತ್ತಿರ ಬೇರೆ ಯಾರೂ ಬರ್ಲಿಲ್ಲ ಅಂತ ನನ್ನ ಲೆಕ್ಕ.

ಪೀಟರ್‌ನ ಪ್ರೇಯಸಿ ಗ್ವೆನ್ ಕಥೆ ಬೇಕಾದ್ರೆ ಆಂಡ್ರ್ಯೂ ಗಾರ್ಫೀಲ್ಡ್‌ದು, 2014ರದ್ದರ ಕೊನೆ 1973ರ ಕಾಮಿಕ್ಸ್‌ನಿಂದಲೇ ಬಂದದ್ದು, ಎರಡೂ ಕಡೆ ನಾನು ಅತ್ತಿದ್ದೇನೆ. ಟಾಮ್ ಹಾಲೆಂಡ್‌ದು ಖುಷಿ ಕೊಡ್ತದೆ, ಆದ್ರೆ ಅದರ ಕಥೆ ಅರ್ಥ ಆಗ್ಬೇಕಾದ್ರೆ ಅವೆಂಜರ್ಸ್ ಎಂಬ ಸೂಪರ್‌ಹೀರೋ ತಂಡದ ಸಿನಿಮಾಗಳನ್ನೂ ನೋಡ್ಬೇಕು, ಅಷ್ಟು ಪುರುಸೊತ್ತು ಇದ್ರೆ ಮಾತ್ರ.

ಅವನಿಗೆ ಹೇಳಿದ್ದು ಇಷ್ಟು, ಟೋಬಿದು ಮೊದಲ ಎರಡು ನೋಡು ಮಗಾ, ಮತ್ತೆ ಸೀದಾ ಹಳೇ ಕಾಮಿಕ್ಸ್‌ಗೆ ಹೋಗು.